ಥಾರ್ ಮರುಭೂಮಿಯ ನೀರು, ನಂಬಿಕೆ ಮತ್ತು ಗಡಿ

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೇ ಅಟಾರಿ ಗಡಿ ಮುಚ್ಚಿತು. ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಿಂದ ಹೊರಟಿದ್ದ ಮದುವೆ ದಿಬ್ಬಣವೊಂದು ಅಲ್ಲಿಗೆ ಬಂದು ನಿಂತುಬಿಟ್ಟಿತು. ವಧು ಇದ್ದದ್ದು ಪಾಕಿಸ್ತಾನದ ಸಿಂಧ್ ಪ್ರಾಂತದ ಉಮರ್‌ಕೋಟ್‌ನಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ ಜೈಸಲ್ಮೇರ್, ಬಾರ್ಮೇರ್ ಪಟ್ಟಣಗಳು ಡ್ರೋನ್ ಭೀತಿಯಲ್ಲಿ ರಾತ್ರಿಯಿಡೀ ದೀಪ ಆರಿಸಿ ಕೂತವು. ಸುದ್ದಿ ಓದಿದ ಅನೇಕರಿಗೆ ಸಹಜವಾಗಿಯೇ ಪ್ರಶ್ನೆ ಬಂತು: ಅತ್ತಲಿನ ಹೆಣ್ಣನ್ನು ಇತ್ತಲಿನ ಹಿಂದೂ ಮನೆಗೆ ತರುವ ರೂಢಿ ಈಗಲೂ ಇದೆಯೇ? ಪಾಕಿಸ್ತಾನದ ಆ ಭಾಗದಲ್ಲಿ ಅಷ್ಟೊಂದು ಹಿಂದೂಗಳು ಇದ್ದಾರೆಯೇ?

ಇದ್ದಾರೆ. ಅವರು ಅಲ್ಲಿ ಹೇಗಿದ್ದಾರೆ, ಅವರ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ತಿಳಿಯಬೇಕಾದರೆ ಗಡಿರೇಖೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಥಾರ್ ಮರುಭೂಮಿಯನ್ನು ಒಂದೇ ಪ್ರದೇಶವಾಗಿ ನೋಡಬೇಕು. ಅಲ್ಲಿನ ಜಾತಿ, ಮತ, ಕಸುಬು, ಹಾಡು ಎಲ್ಲದರ ಬುಡದಲ್ಲಿ ನೀರಿನ ಲೆಕ್ಕಾಚಾರವಿದೆ. ಆದ್ದರಿಂದ ದೇವರುಗಳ ಮಾತಿಗೆ ಮುಂಚೆ ಮಳೆಯ ಮಾತು.

ಥಾರ್ ಎಂದರೆ ಎಷ್ಟು, ಎಲ್ಲಿ?

ಸುಮಾರು 2 ಲಕ್ಷ ಚದರ ಕಿಲೋಮೀಟರ್. ಅಂದರೆ ಇಡೀ ಕರ್ನಾಟಕಕ್ಕಿಂತ ತುಸು ದೊಡ್ಡದು. ಇದರಲ್ಲಿ ಶೇ 85ರಷ್ಟು ಭಾರತದಲ್ಲಿದೆ, ಉಳಿದದ್ದು ಪಾಕಿಸ್ತಾನದಲ್ಲಿ. ನಮ್ಮ ಕಡೆಯ ಬಹುಪಾಲು ಪಶ್ಚಿಮ ರಾಜಸ್ಥಾನ. ಅಂಚುಗಳು ಗುಜರಾತ್, ಹರಿಯಾಣ, ಪಂಜಾಬ್‌ಗಳಿಗೂ ಚಾಚುತ್ತವೆ. ಆಚೆ ಸಿಂಧ್‌ನ ಥಾರ್‌ಪಾರ್ಕರ್, ಉಮರ್‌ಕೋಟ್ ಜಿಲ್ಲೆಗಳಿವೆ. ಉತ್ತರಕ್ಕೆ ಪಾಕಿಸ್ತಾನಿ ಪಂಜಾಬ್‌ನ ಚೋಲಿಸ್ತಾನ. ದಕ್ಷಿಣಕ್ಕೆ ಹೋದರೆ ಮರಳು ಮುಗಿದು ಕಛ್‌ನ ರಣ್ ಎಂಬ ಉಪ್ಪಿನ ಬಯಲು ಶುರುವಾಗುತ್ತದೆ.

ಮರುಭೂಮಿ ಎಂದೊಡನೆ ಕಣ್ಣಿಗೆ ಬರುವುದು ಅಲೆಯಲೆಯಾದ ಮರಳುದಿಬ್ಬ. ಅಂಥವು ಅಲ್ಲಿವೆ, ಜನ ಅವನ್ನು ಧೋರಾ ಎನ್ನುತ್ತಾರೆ. ಆದರೆ ದಿಬ್ಬಗಳ ನಡುವೆ ಸಜ್ಜೆ ಬೆಳೆಯುವ ಹೊಲಗಳಿವೆ, ಕಲ್ಲುಬಯಲುಗಳಿವೆ, ಕುರುಚಲು ಹುಲ್ಲುಗಾವಲುಗಳಿವೆ. ಥಾರ್‌ಪಾರ್ಕರ್‌ನ ದಕ್ಷಿಣ ತುದಿಯ ನಗರ್‌ಪಾರ್ಕರ್‌ನಲ್ಲಿ ಕಾರೂಂಝರ್ ಎಂಬ ಗ್ರಾನೈಟ್ ಬೆಟ್ಟಸಾಲೇ ಇದೆ. ಜೈಸಲ್ಮೇರ್ ಬಳಿಯ ಅಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ಒಂದು ಕಾಲಕ್ಕೆ ಇದು ಕಾಡು ಮತ್ತು ಕಡಲಂಚಿನ ನೆಲ. ತೀರ ಈಚೆಗೆ, ನಾಲ್ಕೈದು ಸಾವಿರ ವರ್ಷಗಳ ಹಿಂದೆ, ಉತ್ತರದ ಘಗ್ಗರ್ ಕಣಿವೆಯಲ್ಲಿ ಹರಪ್ಪ ಸಂಸ್ಕೃತಿಯ ಕಾಲಿಬಂಗಾ ಊರಿತ್ತು. ಅಲ್ಲಿ ಉತ್ತ ಹೊಲದ ಗೆರೆಗಳು ಉತ್ಖನನದಲ್ಲಿ ಸಿಕ್ಕಿವೆ.

ಇನ್ನೊಂದು ಸಂಗತಿ ಇದನ್ನು ಲೋಕದ ಬೇರೆ ಮರುಭೂಮಿಗಳಿಂದ ಬೇರ್ಪಡಿಸುತ್ತದೆ. ಇಲ್ಲಿ ಚದರ ಕಿಲೋಮೀಟರಿಗೆ 80ಕ್ಕೂ ಹೆಚ್ಚು ಜನ ಬಾಳುತ್ತಾರೆ. ಇಷ್ಟು ಜನದಟ್ಟಣೆಯ ಮರುಭೂಮಿ ಜಗತ್ತಿನಲ್ಲಿ ಮತ್ತೊಂದಿಲ್ಲ.

ಮಳೆ ಏಕೆ ಕೈಕೊಡುತ್ತದೆ?

ನಮಗೆ ಮಳೆ ಸುರಿಸುವ ಅರಬ್ಬೀ ಸಮುದ್ರದ ಮಾರುತಗಳೇ ಅಲ್ಲಿಗೂ ಹೋಗುತ್ತವೆ. ನಮ್ಮಲ್ಲಿ ಪಶ್ಚಿಮಘಟ್ಟ ಗಾಳಿಗೆ ಅಡ್ಡಲಾಗಿ ನಿಂತಿದೆ. ಗಾಳಿ ಮೇಲೇರಲೇಬೇಕು, ಏರಿದ ಗಾಳಿ ತಣಿದು ಮಳೆಯಾಗಲೇಬೇಕು. ಥಾರ್‌ನ ಪೂರ್ವಕ್ಕಿರುವ ಅರಾವಳಿ ಬೆಟ್ಟಗಳು ನೈಋತ್ಯದಿಂದ ಈಶಾನ್ಯಕ್ಕೆ ಸಾಗುತ್ತವೆ. ಮುಂಗಾರು ಮಾರುತದ ದಿಕ್ಕೂ ಅದೇ. ಹಾಗಾಗಿ ಗಾಳಿ ಬೆಟ್ಟವನ್ನು ಏರುವ ಗೋಜಿಗೇ ಹೋಗದೆ ಪಕ್ಕದಲ್ಲೇ ಸರಿದುಹೋಗುತ್ತದೆ. ಬಂಗಾಳ ಕೊಲ್ಲಿಯಿಂದ ಹೊರಟ ಇನ್ನೊಂದು ಶಾಖೆ ಗಂಗಾ ಬಯಲನ್ನು ದಾಟಿ ಇಲ್ಲಿಗೆ ತಲುಪುವಷ್ಟರಲ್ಲಿ ಅದರಲ್ಲಿ ತೇವ ಉಳಿದಿರುವುದಿಲ್ಲ. ಜೊತೆಗೆ ಈ ಪ್ರದೇಶದ ಮೇಲೆ ಎತ್ತರದಲ್ಲಿ ಒಣಗಾಳಿ ಕೆಳಗಿಳಿಯುತ್ತಿರುವುದರಿಂದ ಮೋಡ ಬೆಳೆಯುವುದೂ ಕಷ್ಟ.

ಫಲಿತಾಂಶ: ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆ. ಬರಕ್ಕೆ ಹೆಸರಾದ ನಮ್ಮ ಚಳ್ಳಕೆರೆಯಲ್ಲೂ ಅದರ ಎರಡು ಪಟ್ಟು ಬೀಳುತ್ತದೆ. ಬಿಸಿಲಂತೂ ಹೇಳತೀರದು, 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆದರೆ ಈ ಕಾವಿಗೆ ನಾವೂ ಋಣಿಗಳು. ಬೇಸಿಗೆಯಲ್ಲಿ ವಾಯವ್ಯ ಭಾರತ ಮತ್ತು ಪಾಕಿಸ್ತಾನದ ನೆಲ ಹೀಗೆ ಕಾದಾಗ ಅಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ. ಕಡಲ ಮೇಲಿನ ತೇವದ ಗಾಳಿಯನ್ನು ಉಪಖಂಡದೊಳಕ್ಕೆ ಸೆಳೆಯುವುದರಲ್ಲಿ ಆ ಕಡಿಮೆ ಒತ್ತಡದ ಪಾತ್ರ ದೊಡ್ಡದು. ಕೊಡಗಿಗೆ ಬರುವ ಮುಂಗಾರಿನ ಎಳೆತದಲ್ಲಿ ಜೈಸಲ್ಮೇರಿನ ಬಿಸಿಲಿನ ಪಾಲೂ ಇದೆ.

ಹರಿಯುವ ನದಿಯೆಂದರೆ ಲೂಣಿ ಒಂದೇ. ಅಜ್ಮೀರ್ ಬಳಿ ಅರಾವಳಿಯಲ್ಲಿ ಹುಟ್ಟಿ ಸುಮಾರು 500 ಕಿಲೋಮೀಟರ್ ಸಾಗಿ, ಕಡಲು ಸೇರದೆ ರಣ್‌ನ ಜೌಗಿನಲ್ಲಿ ಇಂಗುತ್ತದೆ. ಬಾಲೋತ್ರಾ ದಾಟಿದ ಮೇಲೆ ಅದರ ನೀರು ಉಪ್ಪು. ಬಾವಿ ತೋಡಿದರೂ ಬಹಳ ಕಡೆ ಸಿಗುವುದು ಉಪ್ಪುನೀರೇ.

ನೀರಿನಲ್ಲಿ ಮೂರು ಬಗೆ

ಪಶ್ಚಿಮ ರಾಜಸ್ಥಾನದ ಹಳ್ಳಿಗರು ನೀರನ್ನು ಮೂರಾಗಿ ವಿಂಗಡಿಸುತ್ತಾರೆ. ಮಳೆಯಾಗಿ ಬಿದ್ದು ನೇರ ಕೈಗೆ ಸಿಗುವುದು ಪಾಲರ್ ಪಾನಿ. ಆಳದ ಅಂತರ್ಜಲ ಪಾತಾಲ್ ಪಾನಿ. ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಅಡಗಿ ಕೂತಿರುವುದು ರೇಜಾಣಿ ಪಾನಿ. ಈ ಮೂರನೆಯದರ ಕಥೆಯೇ ಥಾರ್‌ನ ಬುದ್ಧಿವಂತಿಕೆಯ ಕಥೆ.

ಕೆಲವೆಡೆ ಮರಳಿನ ಕೆಳಗೆ ಜಿಪ್ಸಂನಂಥ ಗಟ್ಟಿ ಪದರವೊಂದು ಹಾಸಿಕೊಂಡಿದೆ. ಬಿದ್ದ ಮಳೆ ಮರಳಿನಲ್ಲಿ ಇಳಿದು ಆ ಪದರದ ಮೇಲೆ ನಿಲ್ಲುತ್ತದೆ, ಅದರ ಕೆಳಗಿನ ಉಪ್ಪುನೀರಿಗೆ ಬೆರೆಯುವುದಿಲ್ಲ. ಮೇಲಿನ ಮರಳು ಬಿಸಿಲಿಗೆ ಬಿರುಕು ಬಿಡದ ಕಾರಣ ಆ ತೇವ ಆವಿಯಾಗಿ ಹೋಗುವುದೂ ಕಡಿಮೆ. ಅಲ್ಲಿ ಕಿರಿದಾದ ಬಾವಿ ತೋಡುತ್ತಾರೆ. ಹೆಸರು ಕುಂಯಿ ಅಥವಾ ಬೇರಿ. ಸುತ್ತಲಿನ ಮರಳಿನಲ್ಲಿರುವ ತೇವ ಆ ಖಾಲಿ ಜಾಗಕ್ಕೆ ಹನಿಹನಿಯಾಗಿ ಜಿನುಗುತ್ತದೆ. ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರಿನಿಂದ ರಾತ್ರಿಯಿಡೀ ನೀರು ತೊಟ್ಟಿಕ್ಕುತ್ತದಲ್ಲ, ಹಾಗೆ. ದಿನಕ್ಕೆ ಸಿಗುವುದು ಎರಡು ಮೂರು ಕೊಡ. ಆದರೆ ಸಿಹಿನೀರು, ಮಳೆಯಿಲ್ಲದ ದಿನಗಳಲ್ಲೂ.

ತೋಡುವವರ ಕೆಲಸ ನೋಡಿದರೆ ಮೈ ಜುಮ್ಮೆನ್ನುತ್ತದೆ. ಬಾವಿಯ ಅಗಲ ಒಬ್ಬ ಕುಕ್ಕರುಗಾಲಲ್ಲಿ ಕೂರುವಷ್ಟೇ. ಆಳಕ್ಕೆ ಇಳಿದಷ್ಟೂ ಸೆಕೆ, ಉಸಿರುಕಟ್ಟು. ಮೇಲೆ ನಿಂತವರು ಆಗಾಗ ಮುಷ್ಟಿ ಮರಳನ್ನು ರಭಸದಿಂದ ಒಳಗೆ ಎಸೆಯುತ್ತಾರೆ. ಅದರೊಂದಿಗೆ ತಾಜಾ ಗಾಳಿ ಕೆಳಗಿಳಿಯುತ್ತದೆ, ಕೆಳಗಿನ ಬಿಸಿ ಗಾಳಿ ಮೇಲೇರುತ್ತದೆ. ಎಸೆದ ಮರಳು ತಲೆಗೆ ಬಡಿಯದಂತೆ ಒಳಗಿರುವವನು ಲೋಹದ ಪಾತ್ರೆಯೊಂದನ್ನು ಟೊಪ್ಪಿಗೆಯಂತೆ ಕವುಚಿಕೊಂಡಿರುತ್ತಾನೆ. ಕಲ್ಲು ಸಿಗದ ಕಡೆ ಖೀಂಪ್ ಎಂಬ ಕುರುಚಲು ಗಿಡದ ದಪ್ಪ ಹಗ್ಗವನ್ನು ಸುರುಳಿ ಸುತ್ತಿ ಗೋಡೆ ಕುಸಿಯದಂತೆ ಹಿಡಿಯುತ್ತಾರೆ. ಕುಂಯಿ ಒಂದು ಮನೆಯ ಸ್ವತ್ತಾದರೂ ಅದಕ್ಕೆ ತೇವ ಕೊಡುವ ನೆಲ ಊರಿನದು. ಹೊಸದೊಂದು ತೋಡಿದರೆ ಹಳೆಯದರ ಪಾಲು ಕಡಿಮೆಯಾಗುತ್ತದೆ, ಆದ್ದರಿಂದ ಊರಿನ ಒಪ್ಪಿಗೆಯಿಲ್ಲದೆ ಯಾರೂ ಗುದ್ದಲಿ ಎತ್ತುವಂತಿರಲಿಲ್ಲ.

ಇದೇ ಗಟ್ಟಿ ಪದರ ಒಮ್ಮೆ ಮುಳುವೂ ಆಯಿತು. 2006ರ ಆಗಸ್ಟ್‌ನಲ್ಲಿ ಬಾರ್ಮೇರ್‌ನಲ್ಲಿ ಇಡೀ ವರ್ಷದ ಮಳೆಗಿಂತ ಹೆಚ್ಚು ಕೆಲವೇ ದಿನಗಳಲ್ಲಿ ಸುರಿದು ಕವಾಸ್ ಎಂಬ ಹಳ್ಳಿ ಮುಳುಗಿತು. ಕೆಳಗಿನ ಜಿಪ್ಸಂ ನೀರನ್ನು ಇಂಗಗೊಡಲಿಲ್ಲ. ಮಳೆ ನಿಂತ ಮೇಲೂ ಮರುಭೂಮಿಯ ನಡುವೆ ನೀರು ಹಾಗೆಯೇ ನಿಂತಿತ್ತು, ಜನ ದೋಣಿಯಲ್ಲಿ ಓಡಾಡಿದರು.

ಪಾಲರ್ ಪಾನಿಗೆ ಟಾಂಕಾಗಳಿವೆ: ಅಂಗಳದ ಇಳಿಜಾರಿಗೆ ಬಿದ್ದ ಮಳೆಯನ್ನು ನೆಲದಡಿಯ ತೊಟ್ಟಿಗೆ ಇಳಿಸುವ ವ್ಯವಸ್ಥೆ. ಜೈಸಲ್ಮೇರ್ ಸೀಮೆಯ ಪಾಲಿವಾಲ್ ಬ್ರಾಹ್ಮಣರು ಬೆಳೆಸಿದ ಖಡೀನ್ ಇನ್ನೊಂದು ಬಗೆ. ಕಲ್ಲುಗುಡ್ಡದಿಂದ ಹರಿದು ಬರುವ ನೀರಿಗೆ ಉದ್ದನೆಯ ಒಡ್ಡು ಕಟ್ಟಿ ನಿಲ್ಲಿಸುವುದು, ಅದು ಇಂಗಿದ ಮೇಲೆ ಆ ಹಸಿಯಲ್ಲೇ ಚಳಿಗಾಲದ ಗೋಧಿ, ಕಡಲೆ ಬಿತ್ತುವುದು. ವಿಜಯಪುರದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವವರಿಗೆ ಈ ತರ್ಕ ಕೂಡಲೇ ಅರ್ಥವಾಗುತ್ತದೆ. ಪಾಲಿವಾಲರು 19ನೇ ಶತಮಾನದಲ್ಲಿ ತಮ್ಮ ಊರುಗಳನ್ನು ತೊರೆದರು. ಕುಲಧರಾ ಎಂಬ ಪಾಳು ಊರನ್ನು ಪ್ರವಾಸಿಗರು ದೆವ್ವದ ಕಥೆ ಕೇಳಲು ನೋಡುತ್ತಾರೆ, ಆದರೆ ಸುತ್ತಲಿನ ಖಡೀನ್‌ಗಳು ಅದಕ್ಕಿಂತ ನೋಡತಕ್ಕವು ಎಂಬುದು ನನ್ನ ಅನಿಸಿಕೆ.

ಒಂದು ಮರ, ಅಲೆಯುವ ಬದುಕು

ಥಾರ್‌ನ ಕಲ್ಪವೃಕ್ಷ ಖೇಜ್ಡಿ. ದಸರೆಗೆ ನಾವು ಪೂಜಿಸುವ ಬನ್ನಿಯೇ ಅದು. ಎಲೆ ಮೇವು, ಕೊಂಬೆ ಸೌದೆ, ಎಳೆಕಾಯಿ ತರಕಾರಿ. ಸಾಂಗ್ರಿ ಎನ್ನುವ ಆ ಕಾಯನ್ನು ಒಣಗಿಸಿಟ್ಟು, ಕೇರ್ ಎಂಬ ಕಾಡು ಹಣ್ಣಿನೊಂದಿಗೆ ಪಲ್ಯ ಮಾಡುತ್ತಾರೆ; ಸಜ್ಜೆ ರೊಟ್ಟಿ, ಮಜ್ಜಿಗೆ ಜೊತೆಗೆ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಹೊಲದ ನಡುವೆ ಇದ್ದರೂ ಬೆಳೆಯ ನೀರಿಗೆ ಅಷ್ಟಾಗಿ ಪೈಪೋಟಿ ಕೊಡುವುದಿಲ್ಲ. ಇದಕ್ಕೆ ತದ್ವಿರುದ್ಧ ಹೊರಗಿನಿಂದ ಬಂದ ವಿಲಾಯತಿ ಬಬೂಲ್, ಅಂದರೆ ನಮ್ಮ ಬಳ್ಳಾರಿ ಜಾಲಿ. ಹಸಿರು ಹೆಚ್ಚಿಸಲೆಂದು ನೆಟ್ಟದ್ದು ಹುಲ್ಲುಗಾವಲುಗಳನ್ನೇ ನುಂಗಿದೆ.

ಬೇಸಾಯ ಒಂದು ವರ್ಷ ಕೈಹಿಡಿದರೆ ಎರಡು ವರ್ಷ ಕೈಬಿಡುವ ನೆಲದಲ್ಲಿ ಜೀವ ಉಳಿಸುವುದು ಜಾನುವಾರು. ಮಳೆ ಬಿದ್ದ ಕಡೆಗೆ ಒಂಟೆ, ಕುರಿ ಹೊಡೆದುಕೊಂಡು ಹೋಗುವ ರೈಕಾ, ರೆಬಾರಿಗಳು ಹಿಂದೂಗಳು. ಸಿಂಧಿ ಮುಸ್ಲಿಂ ಪಶುಪಾಲಕರೂ ಅದೇ ದಾರಿ ಹಿಡಿಯುತ್ತಾರೆ. ವಿಕ್ರಮ ಶಕೆ 1956ರಲ್ಲಿ, ಅಂದರೆ 1899–1900ರಲ್ಲಿ ಬಂದ ಬರವನ್ನು ಜನ ಇಂದಿಗೂ ಛಪ್ಪನಿಯಾ ಅಕಾಲ್ ಎಂದು ನೆನೆಯುತ್ತಾರೆ. ಜನ, ಜಾನುವಾರು ಲೆಕ್ಕವಿಲ್ಲದಷ್ಟು ಸತ್ತ ವರ್ಷ ಅದು. ಊರು ಬಿಟ್ಟು ಹೋಗುವುದು ಇಲ್ಲಿ ಬದುಕಿನ ಕ್ರಮವೇ ಆಗಿತ್ತು. ವ್ಯಾಪಾರಿ ಜಾತಿಗಳು ಇನ್ನೂ ದೂರ ಹೋದವು. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿ, ದಾವಣಗೆರೆಗಳ ಬಟ್ಟೆ, ಪಾತ್ರೆ, ಗಿರವಿ ಅಂಗಡಿಗಳವರಲ್ಲಿ ಅನೇಕರ ಮೂಲ ಪಾಲಿ, ಜಾಲೋರ್, ಬಾರ್ಮೇರ್ ಜಿಲ್ಲೆಗಳ ಹಳ್ಳಿಗಳಲ್ಲಿದೆ.

ಪೀರ್ ಎನಿಸಿಕೊಂಡ ಹಿಂದೂ ವೀರರು

ಪೀರ್ ಎಂಬುದು ಸೂಫಿ ಸಂತರಿಗೆ ಸಲ್ಲುವ ಹೆಸರು. ಮಾರ್ವಾಡದಲ್ಲಿ ಐವರು ಪೀರರನ್ನು ನೆನೆಯುವ ದ್ವಿಪದಿಯೊಂದು ಮನೆಮಾತು: ಪಾಬೂಜಿ, ಹಡಬೂಜಿ, ರಾಮದೇವ್‌ಜಿ, ಮಾಂಗಳಿಯಾ ಮೇಹಾಜಿ, ಗೋಗಾಜಿ. ಐವರೂ ರಜಪೂತ ಕುಲದವರು. ದನಗಳನ್ನು ಕಾಪಾಡಲು ಹೋರಾಡಿದವರು, ಮಾತಿಗಾಗಿ ಜೀವ ಕೊಟ್ಟವರು, ಕೆಳಜಾತಿಯವರನ್ನು ಹತ್ತಿರ ಕೂರಿಸಿಕೊಂಡವರು ಎಂಬ ಕಥೆಗಳು ಇವರ ಸುತ್ತ ಬೆಳೆದಿವೆ. ತಿಂಥಣಿಯ ಮೌನೇಶ್ವರನ ಜಾತ್ರೆ ನೋಡಿದವರಿಗೆ ಈ ಬಗೆಯ ಭಕ್ತಿ ಹೊಸದೆನಿಸದು.

ಇವರಲ್ಲಿ ಹೆಚ್ಚು ಜನರನ್ನು ಸೆಳೆಯುವವನು ರಾಮದೇವ. ಪೋಖರಣ್ ಹತ್ತಿರದ ರಾಮದೇವ್ರಾದಲ್ಲಿ ಅವನ ಸಮಾಧಿ. ಭಾದ್ರಪದದಲ್ಲಿ ಲಕ್ಷಾಂತರ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ, ಬಟ್ಟೆಯಲ್ಲಿ ಹೊಲಿದ ಪುಟ್ಟ ಕುದುರೆಗಳನ್ನು ಹರಕೆ ಒಪ್ಪಿಸುತ್ತಾರೆ. ಅವನನ್ನು ಪರೀಕ್ಷಿಸಲು ಮೆಕ್ಕಾದಿಂದ ಐವರು ಪೀರರು ಬಂದರೆಂದೂ, ಸೋತು ಅವನನ್ನು ಪೀರರ ಪೀರ ಎಂದರೆಂದೂ ಐತಿಹ್ಯ. ಮುಸ್ಲಿಮರಿಗೆ ಅವನು ರಾಮ್‌ಸಾ ಪೀರ್. ಅವನ ಪರಮ ಭಕ್ತೆ ಡಾಲಿಬಾಯಿ ಮೇಘವಾಲ್ ಜಾತಿಯವಳು. ಅಸ್ಪೃಶ್ಯತೆ ಕಟ್ಟುನಿಟ್ಟಾಗಿದ್ದ ಸಮಾಜದಲ್ಲಿ ಅವಳ ಸಮಾಧಿ ಅವನ ಪಕ್ಕದಲ್ಲೇ ಇರುವುದರಿಂದ ದಲಿತ ಸಮುದಾಯಗಳಿಗೆ ಈ ದೇವರು ತಮ್ಮವನು. ಪಾಕಿಸ್ತಾನದ ಟಂಡೋ ಅಲ್ಲಾಹ್‌ಯಾರ್‌ನಲ್ಲೂ ರಾಮಾಪೀರನ ದೊಡ್ಡ ಗುಡಿಯಿದೆ. ಸಿಂಧ್‌ನ ಮೇಘವಾರ್, ಭೀಲ್, ಕೋಲ್ಹಿಗಳು ಬಾವುಟ ಹೊತ್ತು ಅಲ್ಲಿಗೆ ನಡೆದು ಹೋಗುತ್ತಾರೆ.

ಪಾಬೂಜಿಯ ಗುಡಿ ಮಾತ್ರ ಭಕ್ತರ ಬಳಿಗೇ ಬರುತ್ತದೆ. ಒಂಟೆ ಕಾಯುವ ರೈಕಾಗಳು ಒಂದೆಡೆ ನಿಲ್ಲುವವರಲ್ಲ. ಆದ್ದರಿಂದ ಭೋಪಾ ಎನ್ನುವ ಗಾಯಕ-ಪೂಜಾರಿ, ಸುಮಾರು 15 ಅಡಿ ಉದ್ದದ ಬಟ್ಟೆಯ ಮೇಲೆ ಪಾಬೂಜಿಯ ಇಡೀ ಕಥೆ ಬರೆದಿರುವ ಫಡ್ ಎಂಬ ಚಿತ್ರಪಟವನ್ನು ಸುತ್ತಿಕೊಂಡು ಊರೂರಿಗೆ ಹೋಗುತ್ತಾನೆ. ಕತ್ತಲಾದ ಮೇಲೆ ಕೋಲುಗಳ ನಡುವೆ ಅದನ್ನು ಬಿಡಿಸಿ ಕಟ್ಟಿದರೆ ಆ ಜಾಗವೇ ಗುಡಿ. ರಾವಣಹತ್ಥಾ ನುಡಿಸುತ್ತಾ ಅವನು ಹಾಡುತ್ತಾನೆ, ಹೆಂಡತಿ ದೀಪ ಹಿಡಿದು ಹಾಡಿನಲ್ಲಿ ಬಂದ ಪ್ರಸಂಗವನ್ನು ಪಟದಲ್ಲಿ ಬೆಳಗಿ ತೋರಿಸುತ್ತಾಳೆ. ಬೆಳಗಿನ ಜಾವದ ತನಕ ನಡೆಯುತ್ತದೆ.

ಗೋಗಾಜಿ ಹಾವಿನ ವಿಷ ಇಳಿಸುವ ದೇವರು. ಹನುಮಾನ್‌ಗಢದ ಗೋಗಾಮೇಡಿಯಲ್ಲಿರುವ ಅವನ ಗುಡಿಗೆ ಮಿನಾರುಗಳಿವೆ, ಮುಸ್ಲಿಂ ಅರ್ಚಕ ಕುಟುಂಬಗಳೂ ಅಲ್ಲಿ ಸೇವೆ ಸಲ್ಲಿಸುತ್ತ ಬಂದಿವೆ.

ಮರಕ್ಕಾಗಿ ಸತ್ತವರು

ಪರಿಸರ ಎಂದಾಗಲೆಲ್ಲ ಬಿಷ್ಣೋಯಿಗಳ ಹೆಸರು ಬರುತ್ತದೆ. 1451ರಲ್ಲಿ ನಾಗೌರ್ ಸೀಮೆಯ ಪೀಪಾಸರ್‌ನಲ್ಲಿ ಹುಟ್ಟಿದ ಜಾಂಭೋಜಿ 1485ರಲ್ಲಿ ಬಿಕಾನೇರ್ ಕಡೆಯ ಸಮ್ರಾಥಲ್ ಧೋರಾದಲ್ಲಿ ಈ ಪಂಥ ಶುರುಮಾಡಿದ. ನಿಯಮಗಳು 29: ಹಸಿ ಮರ ಕಡಿಯಬಾರದು, ಪ್ರಾಣಿಗಳಿಗೆ ದಯೆ ತೋರಬೇಕು, ಮುಂಜಾನೆ ಮೀಯಬೇಕು, ಹೀಗೆ. ಹಿಂದೂ ಪಂಥವಾದರೂ ಸತ್ತವರನ್ನು ಸಾಮಾನ್ಯವಾಗಿ ಹೂಳುತ್ತಾರೆ. ಸುಟ್ಟರೆ ಕಟ್ಟಿಗೆ ಬೇಕಲ್ಲವೆ?

1730ರಲ್ಲಿ ಜೋಧ್‌ಪುರದ ಮಹಾರಾಜ ಅಭಯಸಿಂಗ್‌ನ ಆಳುಗಳು ಸುಣ್ಣ ಸುಡಲು ಕಟ್ಟಿಗೆ ಬೇಕೆಂದು ಖೇಜಡ್ಲಿ ಗ್ರಾಮಕ್ಕೆ ಬಂದರು. ಅಮೃತಾದೇವಿ ಎಂಬಾಕೆ ಬನ್ನಿ ಮರವನ್ನು ತಬ್ಬಿ ನಿಂತಳು. ಅವಳನ್ನು, ಅವಳ ಹೆಣ್ಣುಮಕ್ಕಳನ್ನು ಕಡಿದರು. ಸುದ್ದಿ ಹಬ್ಬಿ ಸುತ್ತಲಿನ ಬಿಷ್ಣೋಯಿಗಳು ಬಂದು ಒಬ್ಬರಾದ ಮೇಲೊಬ್ಬರು ಮರ ತಬ್ಬಿ ಪ್ರಾಣ ಕೊಟ್ಟರು. 363 ಜನ ಸತ್ತ ಮೇಲೆ ರಾಜ ಕಡಿತ ನಿಲ್ಲಿಸಿದ. ಬರಗಾಲದಲ್ಲಿ ಆ ಮರವೇ ಅನ್ನ ಕೊಡುವುದನ್ನು ಕಂಡವರಿಗೆ ಅದು ದೊಡ್ಡವರ ಕೋಟೆಗೆ ಸುಣ್ಣವಾಗಿ ಹೋಗುವುದನ್ನು ಸಹಿಸಲಾಗಲಿಲ್ಲ. ನನಗೆ ಈ ಘಟನೆ ನಂಬಿಕೆ ಮತ್ತು ಹೊಟ್ಟೆಪಾಡು ಒಂದೇ ಆಗಿರುವುದಕ್ಕೆ ಸಾಕ್ಷಿಯಾಗಿ ಕಾಣುತ್ತದೆ.

ಜೈನರು, ಸೂಫಿಗಳು, ದೇವಿಯರು

ಒಂಟೆ ಸಾಲುಗಳ ವ್ಯಾಪಾರ ಜೈನರನ್ನು ಶ್ರೀಮಂತರನ್ನಾಗಿಸಿತು. ಜೈಸಲ್ಮೇರ್ ಕೋಟೆಯೊಳಗೆ ಹಳದಿ ಮರಳುಗಲ್ಲಿನ ಬಸದಿಗಳಿವೆ, ಅವುಗಳ ನೆಲಮಾಳಿಗೆಯ ಜ್ಞಾನ ಭಂಡಾರದಲ್ಲಿ ಹಳೆಯ ತಾಳೆಗರಿಗಳು. ಅಲ್ಲಿನ ಒಣಹವೆಯೇ ಅವನ್ನು ಕಾಪಾಡಿತು. ನಮ್ಮ ಶ್ರವಣಬೆಳಗೊಳದ ಪರಂಪರೆ ದಿಗಂಬರರದು, ಮಾರ್ವಾಡದ ಜೈನರು ಬಹುಪಾಲು ಶ್ವೇತಾಂಬರರು. ಗಡಿಯಾಚೆಯ ನಗರ್‌ಪಾರ್ಕರ್‌ನಲ್ಲೂ ಗೋರಿ, ವೀರಾವಾಹ್, ಭೋದೇಸರ್‌ಗಳಲ್ಲಿ ಜೈನ ಗುಡಿಗಳು ನಿಂತಿವೆ, ಆದರೆ ಪೂಜಿಸುವ ಜೈನರು ಅಲ್ಲಿ ಉಳಿದಿಲ್ಲ.

ನಾಗೌರ್‌ನಲ್ಲಿ 13ನೇ ಶತಮಾನದ ಚಿಶ್ತಿ ಸಂತ ಹಮೀದುದ್ದೀನ್ ನಾಗೌರಿಯ ದರ್ಗಾ ಇದೆ. ತುಂಡು ಹೊಲ ಉತ್ತು ಬದುಕಿದ, ಮಾಂಸ ಮುಟ್ಟದ ಸಂತ ಎಂದು ಅವನ ನೆನಪು. ಸಿಂಧ್ ಕಡೆ ಸೂಫಿ ಕವಿ ಶಾಹ್ ಅಬ್ದುಲ್ ಲತೀಫ್ ಭಿಟಾಯಿ (1689–1752) ಹಾಡಿದ ಮಾರುಯಿಯ ಕಥೆಯನ್ನು ಥಾರ್‌ನ ಹಿಂದೂ, ಮುಸ್ಲಿಂ ಹೆಂಗಸರಿಬ್ಬರೂ ತಮ್ಮದೆನ್ನುತ್ತಾರೆ: ಉಮರ್‌ಕೋಟ್‌ನ ದೊರೆ ಉಮರ್ ಎತ್ತಿಕೊಂಡು ಹೋದ ಕುರಿಗಾಹಿ ಹುಡುಗಿ, ರೇಷ್ಮೆ ಬೇಡವೆಂದು ತನ್ನ ಒರಟು ಕಂಬಳಿಯನ್ನೇ ಹೊದ್ದು ಕೂತವಳು.

ದೇವಿಯರಲ್ಲಿ ದೇಶ್ನೋಕ್‌ನ ಕರ್ಣಿಮಾತೆ, ಗುಡಿಯೊಳಗೆ ಸಾವಿರಾರು ಇಲಿಗಳನ್ನು ಸಾಕಿಕೊಂಡವಳು, ಚಾರಣ ಕುಲದ ಹೆಣ್ಣುಮಗಳು. ಇನ್ನೊಬ್ಬಳು ಹಿಂಗ್ಲಾಜ್ ಮಾತೆ. ಅವಳ ಗುಹೆ ಥಾರ್‌ನಿಂದ ದೂರ, ಬಲೂಚಿಸ್ತಾನದಲ್ಲಿ. ಆದರೂ ಥಾರ್‌ನ ಹಿಂದೂಗಳಿಗೆ ಅದು ಮಹಾಯಾತ್ರೆ, ಅಲ್ಲಿನ ಮುಸ್ಲಿಮರಿಗೆ ಅದು ನಾನಿ ಮಂದಿರ್.

ಮುಸ್ಲಿಂ ಗಾಯಕ, ರಜಪೂತ ಯಜಮಾನ

ಜೈಸಲ್ಮೇರ್, ಬಾರ್ಮೇರ್‌ಗಳ ಮಾಂಗಣಿಯಾರ್‌ಗಳು ಇಸ್ಲಾಂ ಪಾಲಿಸುವ ಗಾಯಕರು. ಇವರ ಯಜಮಾನರು ಹೆಚ್ಚಾಗಿ ಹಿಂದೂ ರಜಪೂತರು. ಯಜಮಾನನ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ, ಯಾರಾದರೂ ತೀರಿಕೊಂಡರೆ ಮಾಂಗಣಿಯಾರ್ ಬಂದು ಹಾಡಲೇಬೇಕು. ಕೃಷ್ಣನನ್ನೂ ದೇವಿಯನ್ನೂ ಹಾಡುತ್ತಾರೆ, ಸೂಫಿ ಕಲಾಮ್‌ಗಳನ್ನೂ ಹಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಯಜಮಾನನ ವಂಶಾವಳಿ ಇವರ ಬಾಯಲ್ಲಿದೆ. ಪ್ರತಿಯಾಗಿ ಧಾನ್ಯ, ಆಡು, ಒಂಟೆ, ಹಣ. ಇವರ ನೆರೆಯ ಲಂಗಾ ಗಾಯಕರ ಯಜಮಾನರು ಸಿಂಧಿ ಮುಸ್ಲಿಮರು.

ಮಾಂಗಣಿಯಾರರ ವಾದ್ಯ ಕಮಾಯ್ಚಾ ಮಾವಿನ ಮರದ ಒಂದೇ ದಿಮ್ಮಿಯಿಂದ ಕೊರೆದದ್ದು. ದುಂಡನೆಯ ಹೊಟ್ಟೆಗೆ ಆಡಿನ ಚರ್ಮ ಬಿಗಿದಿರುತ್ತದೆ. ಮುಖ್ಯ ತಂತಿಗಳು ಕರುಳಿನವು, ಪಕ್ಕದಲ್ಲಿ ಅನುರಣಿಸುವ ಉಕ್ಕಿನ ತಂತಿಗಳು, ಕಮಾನಿಗೆ ಕುದುರೆ ಬಾಲದ ಕೂದಲು. ಕರುಳು, ಚರ್ಮ, ಕೂದಲು ಎಲ್ಲವೂ ಪಶುಪಾಲಕರ ನೆಲದಿಂದಲೇ ಬಂದವು.

ಇದನ್ನು ಸೌಹಾರ್ದ ಎಂದು ಕೊಂಡಾಡಿ ಮುಂದೆ ಹೋಗುವುದು ಸುಲಭ, ಆದರೆ ಪೂರ್ತಿ ಸತ್ಯವಾಗದು. ಈ ಸಂಬಂಧ ಸಮಾನರ ನಡುವಿನದಲ್ಲ. ಗಾಯಕರಿಗೆ ಯಜಮಾನನ ಸಾಲಿನಲ್ಲಿ ಕೂರುವ ಅವಕಾಶವಿರಲಿಲ್ಲ. ದಲಿತರಿಗೆ ಊರಬಾವಿ ಮುಟ್ಟುವ ಹಕ್ಕೂ ಇರಲಿಲ್ಲ. ಆದರೂ ಗಾಯಕನ ಕೈಯಲ್ಲಿ ಒಂದು ಅಸ್ತ್ರವಿತ್ತು: ಮುನಿಸಿಕೊಂಡು ಒಂದು ಮನೆಗೆ ಹಾಡುವುದನ್ನೇ ಬಿಟ್ಟರೆ ಆ ಮನೆತನದ ಮಾನ ಹೋಗುತ್ತಿತ್ತು. ಜಾನಪದ ವಿದ್ವಾಂಸ ಕೋಮಲ್ ಕೋಠಾರಿ (1929–2004) ಈ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿ, ಅವರನ್ನು ದೇಶವಿದೇಶದ ವೇದಿಕೆಗಳಿಗೆ ಕರೆದೊಯ್ದ ಮೇಲೆ ಅವರ ಸ್ಥಾನಮಾನ ಬದಲಾಗತೊಡಗಿತು.

ಗಡಿಯ ಆಚೆ

ಈಗ ಆರಂಭದ ಪ್ರಶ್ನೆಗೆ ಉತ್ತರ. 1947ರಲ್ಲಿ ಪಂಜಾಬ್ ಹೊತ್ತಿ ಉರಿದಂತೆ ಥಾರ್ ಉರಿಯಲಿಲ್ಲ. ಸಿಂಧ್‌ನ ಪಟ್ಟಣಗಳ ಹಿಂದೂ ವ್ಯಾಪಾರಿಗಳು ಹೊರಟುಹೋದರು. ಮರಳಿನ ಹಳ್ಳಿಗಳ ಮೇಘವಾರ್, ಭೀಲ್, ಕೋಲ್ಹಿಗಳು ಮತ್ತು ಸೋಢಾ ರಜಪೂತರಲ್ಲಿ ಬಹಳಷ್ಟು ಜನ ಉಳಿದರು. ಇಂದು ಉಮರ್‌ಕೋಟ್ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿಂದೂಗಳು. ಥಾರ್‌ಪಾರ್ಕರ್‌ನಲ್ಲಿ ಶೇ 40ಕ್ಕೂ ಹೆಚ್ಚು. ಥಾರ್‌ಪಾರ್ಕರ್‌ನ ಕೇಂದ್ರ ಮಿಠಿ ಪಟ್ಟಣದಲ್ಲಿ ಮೊಹರಂ ಹೊತ್ತಿಗೆ ಹಿಂದೂಗಳು ಮದುವೆ ಮಾಡುವುದಿಲ್ಲ, ಮುಸ್ಲಿಮರು ಗೋವು ಕಡಿಯುವುದಿಲ್ಲ ಎಂಬುದು ರೂಢಿ. 2018ರಲ್ಲಿ ನಗರ್‌ಪಾರ್ಕರ್‌ನ ಕೃಷ್ಣಾ ಕುಮಾರಿ ಕೋಲ್ಹಿ ಪಾಕಿಸ್ತಾನದ ಸೆನೆಟ್‌ಗೆ ಆಯ್ಕೆಯಾದ ಮೊದಲ ದಲಿತ ಹಿಂದೂ ಮಹಿಳೆ. ಬಾಲ್ಯದಲ್ಲಿ ಆಕೆ ಕುಟುಂಬದೊಂದಿಗೆ ಜಮೀನುದಾರನ ಜೀತದಲ್ಲಿದ್ದವರು ಎಂಬುದನ್ನೂ ಇದರೊಂದಿಗೇ ಹೇಳಬೇಕು. ಬಲವಂತದ ಮತಾಂತರ, ಸಾಲದ ಜೀತಗಳಿಂದ ಬೇಸತ್ತು ಭಾರತಕ್ಕೆ ಬಂದು ಜೋಧ್‌ಪುರದ ಅಂಚಿನ ಬಿಡಾರಗಳಲ್ಲಿ ಪೌರತ್ವಕ್ಕೆ ಕಾದ ಕುಟುಂಬಗಳೂ ಇವೆ.

ಮದುವೆಯ ವಿಷಯ ಹೀಗೆ. ರಜಪೂತರು ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಉಮರ್‌ಕೋಟ್ ಕಡೆಯ ರಜಪೂತರು ಬಹುಪಾಲು ಸೋಢಾ ಕುಲದವರು. 1542ರಲ್ಲಿ ದಿಕ್ಕೆಟ್ಟು ಬಂದ ಹುಮಾಯೂನನಿಗೆ ಆಶ್ರಯ ಕೊಟ್ಟವನು ಉಮರ್‌ಕೋಟ್‌ನ ಸೋಢಾ ರಾಣಾ. ಅಕ್ಬರ್ ಹುಟ್ಟಿದ್ದು ಅಲ್ಲೇ. ಸುತ್ತಲೂ ಸೋಢಾಗಳೇ ಇರುವಾಗ ಸಂಬಂಧಕ್ಕೆ ಭಾಟಿ, ರಾಠೋಡ್ ಕುಲಗಳು ಬೇಕು. ಅವು ಇರುವುದು ಜೈಸಲ್ಮೇರ್, ಬಾರ್ಮೇರ್‌ಗಳಲ್ಲಿ. ಗಡಿ ಬಂತೆಂದು ಕುಲದ ನಿಯಮ ಬದಲಾಗಲಿಲ್ಲ. ಎರಡೂ ಕಡೆಯವರ ಮಾತು ಢಾಟ್ಕಿ; ಆಚೆ ಬರೆಯಬೇಕಾದರೆ ಸಿಂಧಿ ಲಿಪಿ, ಈಚೆ ನಾಗರಿ.

ಈಚೆಯ ಮುನಾಬಾವ್ ಮತ್ತು ಆಚೆಯ ಖೋಖ್ರಾಪಾರ್ ನಡುವಿನ ರೈಲು ಇವರ ಕೊಂಡಿಯಾಗಿತ್ತು. 1965ರ ಯುದ್ಧದಲ್ಲಿ ನಿಂತದ್ದು 2006ರ ಫೆಬ್ರವರಿಯಲ್ಲಿ ಥಾರ್ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಮತ್ತೆ ಓಡಿತು, 2019ರ ಆಗಸ್ಟ್‌ನಲ್ಲಿ ಮತ್ತೆ ನಿಂತಿತು. ಅಲ್ಲಿಂದಾಚೆಗೆ ಎದುರುಬದುರಿನ ಊರುಗಳವರೂ ನೂರಾರು ಕಿಲೋಮೀಟರ್ ಸುತ್ತಿ ಅಟಾರಿಗೆ ಹೋಗಬೇಕಾಯಿತು. 2025ರಲ್ಲಿ ಅದೂ ಮುಚ್ಚಿದಾಗ ಆ ದಿಬ್ಬಣಕ್ಕೆ ಬೇರೆ ದಾರಿಯಿರಲಿಲ್ಲ.

ಕಾಲುವೆ, ಕಲ್ಲಿದ್ದಲು, ಸೌರಫಲಕ

ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ನೀರಿನ ಹಳೆಯ ಲೆಕ್ಕವೇ ಬುಡಮೇಲಾಗಿದೆ. ಪಂಜಾಬ್‌ನ ಹರಿಕೆ ಅಣೆಕಟ್ಟಿನಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಗಿ, ಹಿಮಾಲಯದ ನೀರು ಜೈಸಲ್ಮೇರ್ ತನಕ ಬಂತು. ಗಂಗಾನಗರ, ಬಿಕಾನೇರ್ ಕಡೆ ಗೋಧಿ, ಹತ್ತಿ ಬೆಳೆಯುತ್ತಿವೆ. ಬೇರೆಡೆಯಿಂದ ಬಂದ ರೈತರು ನೆಲೆಯೂರಿದರು, ಅಲೆಯುವವರ ಮೇವಿನ ನೆಲ ಹೊಲವಾಯಿತು. ಗಟ್ಟಿ ಪದರವಿರುವ ಕಡೆ ಕಾಲುವೆ ನೀರು ಇಂಗದೆ ಜೌಗು ಹಿಡಿದು ಉಪ್ಪು ಮೇಲೆದ್ದಿತು. ರಾಜಸ್ಥಾನದ ಒಂಟೆಗಳು 2012ರ ಜಾನುವಾರು ಗಣತಿಯಲ್ಲಿ ಸುಮಾರು 3.26 ಲಕ್ಷವಿದ್ದವು, 2019ರಲ್ಲಿ 2.13 ಲಕ್ಷಕ್ಕೆ ಇಳಿದವು.

ನೆಲದಡಿಯ ಸಂಪತ್ತೂ ಹೊರಬಂದಿದೆ. 2004ರಲ್ಲಿ ಬಾರ್ಮೇರ್‌ನಲ್ಲಿ ಮಂಗಳಾ ತೈಲ ಕ್ಷೇತ್ರ ಪತ್ತೆಯಾಯಿತು. ಆಚೆ ಥಾರ್‌ಪಾರ್ಕರ್‌ನಲ್ಲಿ ಕಂದು ಕಲ್ಲಿದ್ದಲ ಅಪಾರ ನಿಕ್ಷೇಪವಿದ್ದು 2019ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ. ಫಲೋದಿ ಸೀಮೆಯ ಭಡ್ಲಾದಲ್ಲಿ 2,245 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಬಿಸಿಲನ್ನೇ ಬೆಳೆಯಾಗಿಸುವ ಈ ಕೆಲಸ ದೇಶಕ್ಕೆ ಬೇಕು. ಅದಕ್ಕೆ ಬೇಕಾದ ಜಾಗದಲ್ಲಿ ಖೇಜ್ಡಿ ಮರಗಳು ಉರುಳಿದಾಗ ಬಿಷ್ಣೋಯಿಗಳು ಮತ್ತೆ ಬೀದಿಗಿಳಿದಿದ್ದಾರೆ. ವಿದ್ಯುತ್ ತಂತಿಗಳಿಗೆ ಬಡಿದು ಸಾಯುವ, ಈಗ ತೀರ ಕಡಿಮೆ ಉಳಿದಿರುವ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು; 2021ರಲ್ಲಿ ತಂತಿಗಳನ್ನು ನೆಲದಡಿ ಹಾಕಲು ಹೇಳಿದ ಆದೇಶವನ್ನು ನ್ಯಾಯಾಲಯವೇ 2024ರಲ್ಲಿ ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು.

ಜಗಳದ ನಡುವಿರುವ ಇನ್ನೊಂದು ಹೆಸರು ಓರಣ್. ಕೊಡಗಿನ ದೇವರಕಾಡಿನಂತೆ ಪಾಬೂಜಿಗೋ ದೇವಿಗೋ ಬಿಟ್ಟ ಕುರುಚಲು ಕಾಡು ಮತ್ತು ಹುಲ್ಲುಗಾವಲು ಇದು. ಮರ ಕಡಿಯುವಂತಿಲ್ಲ, ಜಾನುವಾರು ಮೇಯಬಹುದು. ಕಂದಾಯ ದಾಖಲೆಗಳಲ್ಲಿ ಎಷ್ಟೋ ಓರಣ್‌ಗಳು ಸರ್ಕಾರಿ ಪಾಳುಭೂಮಿ ಎಂದೇ ನಮೂದಾಗಿವೆ, ಆದ್ದರಿಂದಲೇ ಕಂಪನಿಗಳಿಗೆ ಮಂಜೂರಾಗುವುದೂ ಸುಲಭ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಎಲ್ಲ ಓರಣ್‌ಗಳನ್ನು ಸಮೀಕ್ಷೆ ಮಾಡಿ ಅರಣ್ಯವೆಂದು ಅಧಿಸೂಚಿಸಲು ಹೇಳಿತು. ಕುರಿ, ಒಂಟೆ ಸಾಕುವವರಿಗೆ ಇದರಿಂದ ಸಮಾಧಾನವೂ ಆಗಿದೆ, ಹೊಸ ಆತಂಕವೂ ಹುಟ್ಟಿದೆ: ಅರಣ್ಯ ಇಲಾಖೆಯ ಕೈಗೆ ಹೋದ ಮೇಲೆ ತಮ್ಮ ದೇವರ ನೆಲದಲ್ಲಿ ತಮ್ಮ ಕುರಿಗಳನ್ನು ಮೇಯಲು ಬಿಡುತ್ತಾರೆಯೇ ಎಂದು ಅವರು ಕೇಳುತ್ತಿದ್ದಾರೆ.